ಉಪಕರಣದ ಮುಂದಿನಿಂದ ಸಮಿತಿಯ ಮೇಜಿನವರೆಗೆ: ಅನ್ವಯಿಕ ಭೌತವಿಜ್ಞಾನ ಮತ್ತು ಸರ್ಕಾರಕ್ಕೆ ವೈಜ್ಞಾನಿಕ ಸಲಹೆ

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ಹಳ್ಳಿಯವಳು. ದಾವಣಗೆರೆಯಲ್ಲಿ ಭೌತವಿಜ್ಞಾನದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಸಿದ್ಧಾಂತಕ್ಕಿಂತ ಉಪಕರಣಗಳ ಕೆಲಸ ನನಗೆ ಹೆಚ್ಚು ಹಿಡಿಸುತ್ತದೆ. ಬರ, ಕುಡಿಯುವ ನೀರು, ವಿದ್ಯುತ್ತಿನಂಥ ವಿಷಯಗಳಲ್ಲಿ ಸರ್ಕಾರಕ್ಕೆ ಸಲಹೆ ಕೊಡುವ ವಿಜ್ಞಾನಿಯಾಗಬೇಕೆಂಬ ಆಸೆಯೂ ಇದೆ. ಇವೆರಡೂ ಬೇರೆ ಬೇರೆ ವೃತ್ತಿಗಳೇ? ಸಲಹೆಗಾರರಾಗಲು ಏನು ಓದಬೇಕು? ‘ಸರ್ಕಾರದ ಹತ್ತಿರ ಹೋದ ವಿಜ್ಞಾನಿ ತನ್ನ ಮಾತನ್ನು ತಾನು ಆಡಲಾರ’ ಎಂದು ನಮ್ಮ ಸೋದರಮಾವ ಹೇಳುತ್ತಾರೆ. ಅದು ನಿಜವೇ?

ಉತ್ತರ:

ನಿಮ್ಮ ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಚಿಕ್ಕದು. ಮೂರನೆಯದಕ್ಕೆ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ. ಚಿತ್ರದುರ್ಗದಲ್ಲಿ ಹುಟ್ಟಿ ಬೆಳೆದು, 36 ವರ್ಷ ಗಾಳಿ, ಮಳೆ, ಉಷ್ಣತೆಗಳನ್ನು ಅಳೆಯುವ ಉಪಕರಣಗಳ ಮೇಲೆ ಕೆಲಸ ಮಾಡಿ, ಅದರಲ್ಲಿ ಕೊನೆಯ 20 ವರ್ಷ ಆಗಾಗ ಸರ್ಕಾರಿ ಸಮಿತಿಗಳಲ್ಲಿ ಕುಳಿತು ಎದ್ದು ಬಂದವನಾಗಿ ನನಗೆ ತಿಳಿದದ್ದನ್ನು ಹೇಳುತ್ತೇನೆ.

ಇವೆರಡೂ ಬೇರೆ ವೃತ್ತಿಗಳಲ್ಲ. ಸಲಹೆಗಾರರಾಗಲು ಪ್ರತ್ಯೇಕವಾದ ಪದವಿಯಾಗಲಿ, ಪ್ರವೇಶ ಪರೀಕ್ಷೆಯಾಗಲಿ ಇಲ್ಲ. ಒಂದು ವಿಷಯದಲ್ಲಿ ಹತ್ತು ಹದಿನೈದು ವರ್ಷ ಬಿಡದೆ ಕೆಲಸ ಮಾಡಿದವರನ್ನು, ಆ ವಿಷಯದಲ್ಲಿ ತೊಡಕು ಎದುರಾದಾಗ, ಸರ್ಕಾರ ಹುಡುಕಿಕೊಂಡು ಬರುತ್ತದೆ. 1948ರಲ್ಲಿ ರಕ್ಷಣಾ ಸಚಿವರ ಮೊದಲ ವೈಜ್ಞಾನಿಕ ಸಲಹೆಗಾರರಾದ ದೌಲತ್ ಸಿಂಗ್ ಕೊಠಾರಿಯವರು ಅದಕ್ಕೂ ಮೊದಲು ಬಿಳಿ ಕುಬ್ಜ ನಕ್ಷತ್ರಗಳೊಳಗಿನ ದ್ರವ್ಯದ ಬಗ್ಗೆ ಸಂಶೋಧನೆ ಮಾಡಿದ್ದವರು. 1960ರ ದಶಕದಲ್ಲಿ ಅದೇ ಹೊಣೆ ಹೊತ್ತ ಎಸ್. ಭಗವಂತಂ ಅವರು ರಾಮನ್ ಪರಿಣಾಮ ಮತ್ತು ಹರಳುಗಳ ಸಮಮಿತಿಯ ಮೇಲೆ ಕೆಲಸ ಮಾಡಿ ಹೆಸರಾಗಿದ್ದರು. ನಮ್ಮ ಪಕ್ಕದ ತುಮಕೂರಿನಲ್ಲಿ 1925ರಲ್ಲಿ ಹುಟ್ಟಿದ ರಾಜಾ ರಾಮಣ್ಣ ಅವರು ಪರಮಾಣು ವಿದಳನದ ಪ್ರಯೋಗಗಳಲ್ಲಿ ಪಳಗಿದ ಮೇಲೆಯೇ 1978ರಲ್ಲಿ ಆ ಸ್ಥಾನಕ್ಕೆ ಹೋದರು. ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಆರಂಭವಾದದ್ದು 1999ರಲ್ಲಿ. ಅಬ್ದುಲ್ ಕಲಾಂ ಅವರ ನಂತರ ಅಲ್ಲಿ 2001ರಿಂದ 2018ರವರೆಗೆ ಇದ್ದ ಆರ್. ಚಿದಂಬರಂ ಅವರೂ, 2022ರಲ್ಲಿ ಬಂದ ಅಜಯ್ ಕುಮಾರ್ ಸೂದ್ ಅವರೂ ಭೌತವಿಜ್ಞಾನಿಗಳೇ. ಇವರಲ್ಲಿ ಯಾರೂ ಸಲಹೆಗಾರರಾಗುವುದಕ್ಕೆಂದು ಓದಿದವರಲ್ಲ.

ಆದರೆ ನೀವು ಉಪಕರಣಗಳ ಮೇಲೆ ಪ್ರೀತಿ ಎಂದು ಬರೆದಿರುವುದರಿಂದ, ಇವರೆಲ್ಲರಿಗಿಂತ ಹವಾಮಾನ ವಿಜ್ಞಾನಿ ಅನ್ನಾ ಮಾಣಿಯವರ ಜೀವನವನ್ನು ನೀವು ಹತ್ತಿರದಿಂದ ನೋಡಬೇಕೆಂದು ನನ್ನ ಆಸೆ. ಕೇರಳದ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿದ ಅವರು ಬೆಂಗಳೂರಿಗೆ ಬಂದು ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯಗಳ ರೋಹಿತಗಳನ್ನು ಅಧ್ಯಯನ ಮಾಡಿದರು. ಅಷ್ಟು ಕೆಲಸ ಮಾಡಿದ್ದರೂ ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಅವರಿಗೆ ಪಿಎಚ್.ಡಿ. ದೊರೆಯಲಿಲ್ಲ. ಲಂಡನ್ನಿನಲ್ಲಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು 1948ರಲ್ಲಿ ಭಾರತೀಯ ಹವಾಮಾನ ಇಲಾಖೆಯನ್ನು ಸೇರಿದರು. ಆಗ ನಮ್ಮ ದೇಶ ಸಣ್ಣಪುಟ್ಟ ಹವಾಮಾನ ಉಪಕರಣಗಳನ್ನೂ ಹೊರಗಿನಿಂದ ತರಿಸಿಕೊಳ್ಳುತ್ತಿತ್ತು. ಅವರು ಸುಮಾರು ನೂರು ಬಗೆಯ ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ, ಅವು ಇಲ್ಲಿಯೇ ತಯಾರಾಗುವಂತೆ ಮಾಡಿದರು. ದೇಶದಲ್ಲಿ ಸೌರವಿಕಿರಣ ಅಳೆಯುವ ಕೇಂದ್ರಗಳ ಜಾಲವನ್ನು ಕಟ್ಟಿದರು. ಬಲೂನಿನಲ್ಲಿ ಮೇಲೇರಿ ಓಜೋನ್ ಅಳೆಯುವ ಸಾಧನವನ್ನೂ ಸಿದ್ಧಪಡಿಸಿದರು. 1976ರಲ್ಲಿ ನಿವೃತ್ತರಾದ ಮೇಲೆ ಬೆಂಗಳೂರಿಗೆ ಮರಳಿ, ದೇಶದ ನೂರಾರು ಸ್ಥಳಗಳಲ್ಲಿ ಗಾಳಿಯ ವೇಗವನ್ನು ಅಳೆಯುವ ಸಮೀಕ್ಷೆಯ ಮುಂದಾಳುತನ ವಹಿಸಿದರು. ತಪ್ಪಾಗಿ ಅಳೆಯುವುದಕ್ಕಿಂತ ಅಳೆಯದೇ ಇರುವುದು ಮೇಲು ಎಂಬ ನಿಲುವನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ಈ ನಿಲುವು ಎಷ್ಟು ಮುಖ್ಯವೆಂಬುದನ್ನು ತಿಳಿಯಲು ನಮ್ಮ ಜೋಗಿಮಟ್ಟಿಯ ಸಾಲುಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡಿದರೆ ಸಾಕು. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ಗಾಳಿಮಾಪಕದ ಬೇರಿಂಗಿನಲ್ಲಿ ದೂಳು ಸೇರಿ ಅದು ವೇಗವನ್ನು ಶೇ. 10ರಷ್ಟು ಕಡಿಮೆ ತೋರಿಸಿತೆನ್ನಿ. ಲೆಕ್ಕದಲ್ಲಿ ಶಕ್ತಿ ಶೇ. 27ರಷ್ಟು ಕುಸಿಯುತ್ತದೆ. ಶೇ. 10ರಷ್ಟು ಹೆಚ್ಚು ತೋರಿಸಿದರೆ ಶಕ್ತಿ ಶೇ. 33ರಷ್ಟು ಉಬ್ಬುತ್ತದೆ. ಒಳ್ಳೆಯ ಗುಡ್ಡವೊಂದನ್ನು ಕೈಬಿಡುವುದಕ್ಕೆ, ಇಲ್ಲವೇ ಬರಡು ಗುಡ್ಡವೊಂದರ ಮೇಲೆ ಕೋಟಿಗಟ್ಟಲೆ ಹಣ ಸುರಿಯುವುದಕ್ಕೆ ಇಷ್ಟು ತಪ್ಪು ಸಾಕು. ಸಚಿವಾಲಯದಲ್ಲಿ ಕುಳಿತು ಕಡತ ನೋಡುವವರಿಗೆ ಆ ಬೇರಿಂಗ್ ಕಾಣುವುದಿಲ್ಲ. ಅದನ್ನು ಬಿಚ್ಚಿ, ಒರೆಸಿ, ಮತ್ತೆ ಕೂರಿಸಿ ನೋಡಿದವರಿಗೆ ಮಾತ್ರ, ಕಡತದಲ್ಲಿರುವ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ಹೇಳುವ ಅಧಿಕಾರ ಬರುತ್ತದೆ.

ಇದನ್ನು ನಾನು ಸರಿಯಾಗಿ ಕಲಿತದ್ದು ಚಳ್ಳಕೆರೆ ಕಡೆಯ ಒಂದು ಹೋಬಳಿಯಲ್ಲಿ. ಹಲವು ವರ್ಷಗಳ ಹಿಂದಿನ ಮಾತು. ಶೇಂಗಾ ಹೂವಾಡುವ ಹೊತ್ತಿನಲ್ಲಿ ಮಳೆ ಕೈಕೊಟ್ಟಿತ್ತು. ಬರದ ಪಟ್ಟಿ ಸಿದ್ಧಪಡಿಸುವಾಗ ಮಳೆಯ ಕೊರತೆಯೂ ಒಂದು ಮಾನದಂಡವಾಗಿರುವುದರಿಂದ, ಆ ಹೋಬಳಿಯ ಮಳೆಮಾಪಕದ ಅಂಕಿ ನಂಬಲು ಯೋಗ್ಯವೇ ಎಂದು ನೋಡಿ ವರದಿ ಕೊಡುವಂತೆ ನನಗೆ ಹೇಳಿದ್ದರು. ಹೂವಾಡುವ ಆ ಹದಿನೈದು ದಿನಗಳಲ್ಲಿ ಅಲ್ಲಿ ಒಂದೇ ಒಂದು ಮಳೆ ಬಿದ್ದಿತ್ತು. ಉಪಕರಣ ಅದನ್ನು 38 ಮಿ.ಮೀ. ಎಂದು ದಾಖಲಿಸಿತ್ತು.

ಈ ಬಗೆಯ ಮಳೆಮಾಪಕದೊಳಗೆ ಏತದಂತೆ ಅತ್ತಿತ್ತ ಬಾಗುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿದೊಡನೆ ಬಾಗಿ ಬರಿದಾಗುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬರುತ್ತದೆ. ಪ್ರತಿ ಸಲ ಬಾಗಿದಾಗಲೂ ಒಂದು ಎಣಿಕೆ. ಅಲ್ಲಿದ್ದ ಮಾಪಕದ ಬಾಯಿಯ ವ್ಯಾಸ 20 ಸೆಂ.ಮೀ., ಒಂದು ಎಣಿಕೆಗೆ 0.5 ಮಿ.ಮೀ. ಮಳೆ. ಅಂದರೆ ಬಾಯಿಯ ವಿಸ್ತೀರ್ಣ 314 ಚದರ ಸೆಂ.ಮೀ.; 10 ಮಿ.ಮೀ. ಮಳೆಗೆ 314 ಮಿಲಿಲೀಟರ್ ನೀರು. ಆ ನೀರಿಗೆ ಬಟ್ಟಲು 20 ಸಲ ಬಾಗಬೇಕು. ಆಲಿಕೆಯ ಕಂಠದಲ್ಲಿ ಜೇಡ ಬಲೆ ಕಟ್ಟಿತ್ತು, ಅದನ್ನು ತೆಗೆದೆವು. ನಾಡಕಚೇರಿಯ ನೌಕರರೊಬ್ಬರು ಮುಚ್ಚಳಕ್ಕೆ ಕಿವಿಗೊಟ್ಟು ಟಕ್ ಟಕ್ ಸದ್ದನ್ನು ಎಣಿಸುತ್ತ ಕುಳಿತರು. ನಾನು ಅಳತೆಯ ಸಿಲಿಂಡರಿನಿಂದ 314 ಮಿಲಿಲೀಟರ್ ನೀರನ್ನು ಅರ್ಧ ಗಂಟೆಯಲ್ಲಿ ಹನಿಹನಿಯಾಗಿ ಬಿಟ್ಟೆ. ಲೆಕ್ಕ ಸರಿಯಾಗಿ 20 ಬಂತು. ಅಷ್ಟೇ ನೀರನ್ನು ಮೂರು ನಿಮಿಷದಲ್ಲಿ ಸುರಿದೆ, 17 ಬಂತು. ಇನ್ನೆರಡು ಸಲ ಸುರಿದಾಗಲೂ 17. ಬಟ್ಟಲು ಬಾಗಲು ಬೇಕಾಗುವ ಕ್ಷಣಾರ್ಧದಲ್ಲಿಯೂ ನೀರು ಅದಾಗಲೇ ತುಂಬಿದ ಬಟ್ಟಲಿಗೇ ಬೀಳುತ್ತಿರುತ್ತದೆ. ಮಳೆ ಬಿರುಸಾದಷ್ಟೂ ಹೀಗೆ ಲೆಕ್ಕಕ್ಕೆ ಸಿಗದೆ ಹೋಗುವ ನೀರು ಹೆಚ್ಚು. ಆದುದರಿಂದ ಆ ದಿನದ ಮಳೆ ತುಂಬ ಬಿರುಸಾಗಿದ್ದಿದ್ದರೆ ನಿಜವಾಗಿ ಸುಮಾರು 45 ಮಿ.ಮೀ. ಬಿದ್ದಿರಬಹುದು, ನಿಧಾನವಾಗಿದ್ದಿದ್ದರೆ 38ರ ಆಸುಪಾಸು. ಮುಕ್ಕಾಲು ಗಂಟೆಯಲ್ಲಿ ಮುಗಿದ ಮಳೆ ಅದೆಂದು ಊರವರು ಹೇಳಿದರು.

ಇಲ್ಲಿಯವರೆಗೆ ನನ್ನ ಕೆಲಸ ಸರಿಯಾಗಿಯೇ ಇತ್ತು. ಸಭೆಯಲ್ಲಿ ನಾನು 38ರಿಂದ 45 ಎಂದೆ. ‘ಕಡತದಲ್ಲಿ ಎರಡು ಅಂಕಿ ಬರೆಯಲಾಗುವುದಿಲ್ಲ, ಒಂದು ಹೇಳಿ’ ಎಂದು ಅಧಿಕಾರಿಗಳು ಕೇಳಿದರು. ಅವರ ಕಷ್ಟ ನನಗೆ ಅರ್ಥವಾಗುತ್ತಿತ್ತು; ಎರಡು ಗಂಟೆಯೊಳಗೆ ಅವರು ಇಡೀ ಜಿಲ್ಲೆಯ ಪಟ್ಟಿಯನ್ನು ಮುಗಿಸಬೇಕಾಗಿತ್ತು. ನಾನು 42 ಎಂದೆ. ಸಭಾ ನಡವಳಿಯಲ್ಲಿ 42 ಎಂದೇ ದಾಖಲಾಯಿತು. ಆ ಹದಿನೈದು ದಿನಗಳಿಗೆ ಹೋಬಳಿಯಲ್ಲಿ ಮಳೆ ಸಾಕಷ್ಟಾಗಿದೆ ಎಂಬ ಷರಾ ಅದರ ಪಕ್ಕದಲ್ಲಿ ಬಂತು. ಮುಕ್ಕಾಲು ಗಂಟೆಯಲ್ಲಿ ಸುರಿದ ಮಳೆಯಲ್ಲಿ ಬಹುಪಾಲು ಹಳ್ಳ ಸೇರಿತ್ತೆಂಬುದನ್ನೂ, ಶೇಂಗಾದ ಬೇರಿಗೆ ಸಿಕ್ಕ ತೇವ ಎಷ್ಟೆಂದು ಈ ಮಾಪಕ ಹೇಳಲಾರದೆಂಬುದನ್ನೂ ನಾನು ಕಣ್ಣಾರೆ ಕಂಡಿದ್ದೆ, ಹೊಲದ ಮಣ್ಣನ್ನು ಕೈಯಲ್ಲಿ ಹಿಡಿದು ಪುಡಿ ಮಾಡಿಯೂ ನೋಡಿದ್ದೆ. ಆದರೆ ನನ್ನನ್ನು ಕೇಳಿದ್ದು ಮಳೆಮಾಪಕದ ಬಗ್ಗೆ ಮಾತ್ರ ಎಂದುಕೊಂಡು ಆ ಎರಡು ವಾಕ್ಯಗಳನ್ನು ಬರೆಯದೆ ಬಿಟ್ಟಿದ್ದೆ. ಒಂದು ತಿಂಗಳ ನಂತರ ಪೂರಕ ಟಿಪ್ಪಣಿ ಕೊಟ್ಟು ಅದನ್ನು ಸರಿಪಡಿಸಿದೆವು. ಆ ಒಂದು ತಿಂಗಳು ನನಗೆ ಇಂದಿಗೂ ನೆನಪಿದೆ. ಅಧಿಕಾರಿಗಳ ಮೇಲೆ ತಪ್ಪು ಹೊರಿಸಲಾಗದು. ಅಂಕಿಯೊಂದನ್ನು ಅದರ ಅಂಚುಗಳಿಲ್ಲದೆ ಕೈಗೆ ಕೊಟ್ಟವನು ನಾನು.

ಅಂದಿನಿಂದ ನಾನು ಕೊಟ್ಟ ಪ್ರತಿಯೊಂದು ಟಿಪ್ಪಣಿಯ ಮೊದಲ ಪುಟದಲ್ಲಿಯೇ, ಅಂಕಿ ಎಷ್ಟು, ಅದು ಎಷ್ಟು ಹಿಂದೆ ಮುಂದೆ ಆಗಬಹುದು, ಯಾವ ಹೊಸ ಮಾಹಿತಿ ಬಂದರೆ ನನ್ನ ಅಭಿಪ್ರಾಯ ಬದಲಾಗುತ್ತದೆ, ಯಾವ ಪ್ರಶ್ನೆಗೆ ಈ ಅಂಕಿ ಉತ್ತರ ಕೊಡಲಾರದು ಎಂಬುದನ್ನು ಬರೆಯುತ್ತ ಬಂದೆ. ನಿರ್ಧಾರ ತೆಗೆದುಕೊಳ್ಳುವವರು ಜನರಿಗೆ ಉತ್ತರ ಹೇಳಬೇಕಾದವರು. ಅವರು ಹಣಕಾಸನ್ನೂ ಕಾನೂನನ್ನೂ ನೋಡಬೇಕು. ಆ ಹಕ್ಕು ನಮ್ಮದಲ್ಲ. ಆದರೆ ಅವರು ಏನನ್ನು ತಿಳಿದು ನಿರ್ಧರಿಸಿದರು, ಏನನ್ನು ತಿಳಿಯದೆ ನಿರ್ಧರಿಸಿದರು ಎಂಬುದರಲ್ಲಿ ನಮಗೆ ಪಾಲುಂಟು.

ಇನ್ನು ನಿಮ್ಮ ಸೋದರಮಾವನವರ ಮಾತಿಗೆ ಬರುತ್ತೇನೆ. ಅವರ ಸಂಶಯವನ್ನು ತಳ್ಳಿಹಾಕಲಾಗದು. ಅದಕ್ಕೆ ನಾನು ಕಂಡ ಅತ್ಯುತ್ತಮ ಉತ್ತರ ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಗಾರ್ವಿನ್ ಅವರ ಬದುಕಿನಲ್ಲಿದೆ. 1928ರಲ್ಲಿ ಹುಟ್ಟಿ 2025ರ ಮೇ ತಿಂಗಳಲ್ಲಿ ತೀರಿಕೊಂಡ ಅವರು ಎನ್ರಿಕೊ ಫರ್ಮಿಯವರ ಬಳಿ 21ನೇ ವಯಸ್ಸಿಗೇ ಪಿಎಚ್.ಡಿ. ಮುಗಿಸಿದವರು. 1952ರಲ್ಲಿ ಪರೀಕ್ಷೆಯಾದ ಮೊದಲ ಹೈಡ್ರೋಜನ್ ಬಾಂಬ್ ಸಾಧನದ ವಿನ್ಯಾಸ ಅವರದು. ಅದೇ ವರ್ಷ ಐಬಿಎಂ ಕಂಪನಿಯ ಪ್ರಯೋಗಾಲಯ ಸೇರಿ, 1993ರಲ್ಲಿ ನಿವೃತ್ತರಾಗುವವರೆಗೂ ಅಲ್ಲಿಯೇ ಇದ್ದು, ತಮ್ಮ ಸಮಯದ ಒಂದು ಪಾಲನ್ನು ಸರ್ಕಾರದ ಸಲಹೆಗೆ ಕೊಟ್ಟರು. ತಾವು ರೂಪಿಸಿದ ಅಸ್ತ್ರಗಳ ನಿಯಂತ್ರಣಕ್ಕಾಗಿ ಮುಂದೆ ದಶಕಗಳ ಕಾಲ ವಾದಿಸಿದರು. 1969ರಲ್ಲಿ ಅಧ್ಯಕ್ಷ ನಿಕ್ಸನ್ ಅವರ ಸರ್ಕಾರಕ್ಕಾಗಿ, ಶಬ್ದಕ್ಕಿಂತ ವೇಗವಾಗಿ ಹಾರುವ ಪ್ರಯಾಣಿಕ ವಿಮಾನದ ಯೋಜನೆಯನ್ನು ಪರಿಶೀಲಿಸಿದ ಸಮಿತಿಯ ಮುಖ್ಯಸ್ಥರು ಅವರೇ. ಅದರ ಶಬ್ದ ಮತ್ತು ಖರ್ಚನ್ನು ನೋಡಿ ಸಮಿತಿ ಯೋಜನೆ ಬೇಡವೆಂದಿತು. ಸರ್ಕಾರ ಆ ವರದಿಯನ್ನು ಗೋಪ್ಯವಾಗಿಟ್ಟು ಯೋಜನೆಯನ್ನು ಮುಂದುವರಿಸಿತು. ಗಾರ್ವಿನ್ ವರದಿಯನ್ನು ಹೊರಗೆ ಬಿಡಲಿಲ್ಲ. ಆದರೆ ಸಂಸತ್ತಿನ ಸಮಿತಿ ಕರೆದಾಗ ಹೋಗಿ, ಎಲ್ಲರಿಗೂ ಲಭ್ಯವಿದ್ದ ಮಾಹಿತಿಯನ್ನಷ್ಟೇ ಆಧರಿಸಿ, ಭೌತವಿಜ್ಞಾನಿಯಾಗಿ ತಮ್ಮ ಲೆಕ್ಕವನ್ನು ಬಹಿರಂಗವಾಗಿ ಮುಂದಿಟ್ಟರು. 1971ರಲ್ಲಿ ಸಂಸತ್ತು ಆ ಯೋಜನೆಗೆ ಹಣ ನಿಲ್ಲಿಸಿತು. 1973ರಲ್ಲಿ ನಿಕ್ಸನ್ ಅವರು ತಮ್ಮ ವೈಜ್ಞಾನಿಕ ಸಲಹಾ ಸಮಿತಿಯನ್ನೇ ಮುಚ್ಚಿಬಿಟ್ಟರು.

ಈ ಪ್ರಸಂಗವನ್ನು ನಾನು ಕಿರಿಯ ಸಹೋದ್ಯೋಗಿಗಳೊಂದಿಗೆ ಹಲವು ಸಲ ಚರ್ಚಿಸಿದ್ದೇನೆ. ಸಮಿತಿಯಲ್ಲಿದ್ದವರು ಹೊರಗೆ ಬಂದು ಮಾತಾಡಿದರೆ ನಾಳೆ ಯಾವ ಸರ್ಕಾರ ತಾನೇ ವಿಜ್ಞಾನಿಗಳನ್ನು ನಂಬಿ ಕರೆದೀತು ಎಂದು ಕೆಲವರು ಕೇಳುತ್ತಾರೆ. ಆ ಮಾತಿನಲ್ಲಿ ತೂಕವಿದೆ. ನನ್ನ ನಿಲುವು ಇಷ್ಟು: ನಂಬಿ ಕೊಟ್ಟ ಕಾಗದವನ್ನು ನಂಬಿಕೆಯಿಂದಲೇ ಕಾಪಾಡಬೇಕು, ಆದರೆ ಸಮಿತಿಗೆ ಸೇರಿದ ದಿನ ನಾವು ಭೌತವಿಜ್ಞಾನವನ್ನು ಯಾರಿಗೂ ಒತ್ತೆ ಇಟ್ಟಿರುವುದಿಲ್ಲ. ಇನ್ನೊಂದು ಸಂಗತಿಯನ್ನು ಗಮನಿಸಿ. ಗಾರ್ವಿನ್ ಅವರಿಗೆ ಹಿಂತಿರುಗಲು ಒಂದು ಪ್ರಯೋಗಾಲಯವಿತ್ತು. ಸಮಿತಿಯ ಕುರ್ಚಿಯೇ ಬದುಕಾಗಿದ್ದವರಿಗೆ ಆ ಕುರ್ಚಿಯನ್ನು ಬಿಡುವುದು ಕಷ್ಟ. ಸಲಹೆ ಕೊಡುವ ಕಾಲದಲ್ಲಿಯೂ ನಿಮ್ಮ ಕೈ ಉಪಕರಣದ ಮೇಲೆ ಇರಲಿ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕಾಗಿ.

ಸೋದರಮಾವನವರು ಹೇಳದ ಇನ್ನೊಂದು ಅಪಾಯವೂ ಇದೆ: ಸಲಹೆ ಕೊಡುವವರ ಸಂಸ್ಥೆಗೇ ಆ ಸಲಹೆಯಿಂದ ಲಾಭವಾಗುವ ಸಂದರ್ಭ. ಅಂಥ ಸಂದರ್ಭ ಹೇಗೆ ಬರಬಹುದೆಂಬುದು ನಮ್ಮ ಜಿಲ್ಲೆಯಲ್ಲೇ ಕಣ್ಣಿಗೆ ಕಾಣುತ್ತದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿಗಳ ಅಮೃತಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆ ಭೂಮಿಯನ್ನು ದೇಶದ ದೊಡ್ಡ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಟ್ಟಾಗ, ಅಲ್ಲಿ ತಲೆತಲಾಂತರದಿಂದ ದನ ಕುರಿ ಮೇಯಿಸುತ್ತಿದ್ದವರು ಪ್ರತಿಭಟಿಸಿದರು, ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು. ಅದೇ ನೆಲದ ಪರೀಕ್ಷಾ ವಲಯದಲ್ಲಿ 2023 ಮತ್ತು 2024ರಲ್ಲಿ ಇಸ್ರೊ ತನ್ನ ಮರುಬಳಕೆಯ ‘ಪುಷ್ಪಕ್’ ವಾಹನವನ್ನು ಮೂರು ಸಲ ತಾನೇ ತಾನಾಗಿ ಇಳಿಯುವಂತೆ ಮಾಡಿತು; ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಹೆಲಿಕಾಪ್ಟರ್ ಅದನ್ನು ಕೈಬಿಟ್ಟ ಮೇಲೆ ಅದು ದಾರಿ ಹುಡುಕಿಕೊಂಡು ಓಡುದಾರಿಗೆ ಬಂದದ್ದನ್ನು ಕೇಳಿ ನನ್ನ ಎದೆ ತುಂಬಿ ಬಂದಿತ್ತು. ಆ ಹೆಮ್ಮೆ ನಿಜ, ಕಾವಲನ್ನು ಕಳೆದುಕೊಂಡವರ ನೋವೂ ನಿಜ. ಇಂಥ ವಿಷಯದಲ್ಲಿ ನಾಳೆ ನಿಮ್ಮನ್ನು ಸಲಹೆ ಕೇಳಿದರೆ, ನಿಮ್ಮ ಸಂಸ್ಥೆಗೆ ಅದರಿಂದ ಲಾಭವಿದೆಯೇ ಎಂಬುದನ್ನು ಬಾಯಿ ತೆರೆಯುವ ಮೊದಲೇ ತಿಳಿಸಿ, ಲಾಭವಿದ್ದರೆ ಹಿಂದೆ ಸರಿಯಿರಿ. ಹುಲ್ಲುಗಾವಲು ಬರಡು ಭೂಮಿಯೇ ಅಲ್ಲವೇ ಎಂಬ ಪ್ರಶ್ನೆ ಭೌತವಿಜ್ಞಾನಿ ಉತ್ತರಿಸುವಂಥದ್ದಲ್ಲ. ಅದನ್ನು ಜೀವವಿಜ್ಞಾನಿಗಳನ್ನೂ ಕುರಿಗಾಹಿಗಳನ್ನೂ ಕೇಳಿರೆಂದು ಹೇಳುವುದು ಕೂಡ ಒಂದು ಸಲಹೆಯೇ.

ದೆಹಲಿಯವರೆಗೆ ಹೋಗಬೇಕೆಂದೇನೂ ಇಲ್ಲ. ಕರ್ನಾಟಕದಲ್ಲಿ ಈ ಕೆಲಸಕ್ಕೆ ಹಳೆಯ ನೆಲೆಯೇ ಇದೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ, ವಿಜ್ಞಾನ ತಂತ್ರಜ್ಞಾನಗಳನ್ನು ಹಳ್ಳಿಗಳ ಬಳಕೆಗೆ ತರುವ ‘ಅಸ್ತ್ರ’ ಕೇಂದ್ರ ಆರಂಭವಾಯಿತು. ಅದು ರೂಪಿಸಿದ ಸೌದೆ ಉಳಿಸುವ ಒಲೆ ನಿಮ್ಮ ಅಜ್ಜಿಯವರಿಗೂ ಗೊತ್ತಿದ್ದೀತು. ಮರುವರ್ಷ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಸ್ಥಾಪನೆಯಾಯಿತು. 1988ರಲ್ಲಿ ನಮ್ಮ ರಾಜ್ಯ ಬರವನ್ನು ಗಮನಿಸುವುದಕ್ಕೆಂದೇ ಒಂದು ಘಟಕ ತೆರೆಯಿತು. ಇಂದು ಅದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದಿದೆ, ಗ್ರಾಮ ಪಂಚಾಯಿತಿಗಳಲ್ಲಿರುವ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳಿಂದ ತಾನಾಗಿಯೇ ಮಾಹಿತಿ ಪಡೆಯುತ್ತದೆ. ಅಷ್ಟು ಉಪಕರಣಗಳನ್ನು ಸುಸ್ಥಿತಿಯಲ್ಲಿಡುವುದು, ಯಾವುದು ಸುಳ್ಳು ಹೇಳುತ್ತಿದೆ ಎಂದು ದೂರದಿಂದಲೇ ಪತ್ತೆಹಚ್ಚುವುದು ಒಬ್ಬ ಅನ್ವಯಿಕ ಭೌತವಿಜ್ಞಾನಿಗೆ ಜೀವಮಾನಕ್ಕೆ ಸಾಲುವಷ್ಟು ಕೆಲಸ. ನಮ್ಮ ಎರಡೂ ಜಿಲ್ಲೆಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದು ನಿಮಗೆ ತಿಳಿದಿದೆ. ಹಳ್ಳಿಯಲ್ಲೇ ನಂಬಲರ್ಹವಾಗಿ, ಕಡಿಮೆ ಖರ್ಚಿನಲ್ಲಿ ಅದನ್ನು ಅಳೆಯುವ ಬಗೆಯೂ ಅಂಥದೇ ಕೆಲಸ.

ಸದ್ಯಕ್ಕೆ ನೀವು ಮಾಡಬೇಕಾದದ್ದು ಇಷ್ಟು. ಸಂಶೋಧನೆಗೆ ಸೇರಲು ಬೇಕಾಗುವ ನೆಟ್, ಗೇಟ್, ಜೆಸ್ಟ್ ಪರೀಕ್ಷೆಗಳನ್ನು ಬರೆಯಿರಿ. ಪಿಎಚ್.ಡಿ.ಗೆ ಮಾರ್ಗದರ್ಶಕರನ್ನು ಆರಿಸುವಾಗ ಸಂಸ್ಥೆಯ ಹೆಸರಿಗಿಂತ, ಅಲ್ಲಿನ ವಿದ್ಯಾರ್ಥಿಗಳು ಉಪಕರಣವನ್ನು ತಾವೇ ಕಟ್ಟುತ್ತಾರೋ, ಕೊಂಡು ತಂದು ಗುಂಡಿ ಒತ್ತುತ್ತಾರೋ ನೋಡಿ. ಸಂಖ್ಯಾಶಾಸ್ತ್ರವನ್ನು, ಅದರಲ್ಲೂ ದೋಷಗಳ ಲೆಕ್ಕವನ್ನು ಚೆನ್ನಾಗಿ ಕಲಿಯಿರಿ. ಒಂದು ಪುಟದ ಟಿಪ್ಪಣಿಯನ್ನು ತಹಶೀಲ್ದಾರರಿಗೂ ನಿಮ್ಮ ಸೋದರಮಾವನಿಗೂ ಒಂದೇ ಸಲಕ್ಕೆ ಅರ್ಥವಾಗುವಂಥ ಕನ್ನಡದಲ್ಲಿ ಬರೆಯುವುದನ್ನು ರೂಢಿಸಿಕೊಳ್ಳಿ. ನನಗೆ ಇದು ಬರಲು ಭೌತವಿಜ್ಞಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಪಿಎಚ್.ಡಿ. ಆದ ಮೇಲೂ ನೀತಿಯ ಕಡೆಗೆ ಮನಸ್ಸಿದ್ದರೆ, ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಯುವ ಸಂಶೋಧಕರಿಗೆ ಕೊಡುವ ನೀತಿ ಫೆಲೋಶಿಪ್ ಬಗ್ಗೆ ವಿಚಾರಿಸಿ.

ಈ ಮುಂಗಾರಿಗೆ ಊರಿಗೆ ಹೋದಾಗ ನಿಮ್ಮ ಗ್ರಾಮ ಪಂಚಾಯಿತಿಯ ಮಳೆಮಾಪಕ ಎಲ್ಲಿದೆ ಎಂದು ಹುಡುಕಿ. ಹತ್ತಿರದ ಗೋಡೆ, ಮರಗಳ ಎತ್ತರ ಎಷ್ಟಿದೆಯೋ ಕನಿಷ್ಠ ಅದರ ಎರಡರಷ್ಟು ದೂರದಲ್ಲಿ ಅದು ಇದೆಯೇ ಎಂದು ಹೆಜ್ಜೆ ಹಾಕಿ ಅಳೆಯಿರಿ. ಅದನ್ನು ಮುಟ್ಟಬೇಡಿ. ನೇರ ಬದಿಯ ಒಂದು ಸ್ಟೀಲ್ ಡಬ್ಬಿಯನ್ನು ನಿಮ್ಮ ಹೊಲದ ಬಯಲಿನಲ್ಲಿಟ್ಟು, ಪ್ರತಿದಿನ ಬೆಳಿಗ್ಗೆ 8.30ಕ್ಕೆ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಬರೆದಿಡಿ, ಮಳೆ ಎಷ್ಟು ಹೊತ್ತು ಸುರಿಯಿತೆಂಬುದನ್ನೂ ಬರೆಯಿರಿ. ಒಂದು ತಿಂಗಳ ಲೆಕ್ಕವನ್ನು ಪಂಚಾಯಿತಿಯ ಅಂಕಿಯ ಪಕ್ಕದಲ್ಲಿಟ್ಟು, ವ್ಯತ್ಯಾಸ ಎಲ್ಲೆಲ್ಲಿ ಬಂತು, ಏಕೆ ಬಂದಿರಬಹುದು ಎಂದು ಒಂದು ಪುಟ ಬರೆದು ನನಗೆ ಕಳಿಸಿ. ಓದಿ ಉತ್ತರಿಸುತ್ತೇನೆ.